ಅಗ್ಗದ ಯುನಿಕ್ಸ್ ಕಂಪ್ಯೂಟರ್‌ಗೆ ಯಾವ ಚಿಪ್?

ಕೇಳುಗರಿಗೆ ನಮಸ್ಕಾರ. ಕಡಿಮೆ ಖರ್ಚಿನಲ್ಲಿ ಯುನಿಕ್ಸ್ ಯಂತ್ರ ಕಟ್ಟಲು ಹೊರಟವರ ಕಣ್ಣು ಮೊದಲು ಹೋಗುವುದು ಮೆಗಾಹರ್ಟ್ಸ್ ಕಡೆಗೆ. ಅದಕ್ಕೂ ಮುಂಚೆ ನೋಡಬೇಕಾದದ್ದು ಚಿಪ್‌ನಲ್ಲಿ ಎಂಎಂಯು, ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್ ಯೂನಿಟ್, ಇದೆಯೇ ಎಂಬುದನ್ನು.

ಯುನಿಕ್ಸ್‌ನಲ್ಲಿ ಹೊಸ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಹುಟ್ಟುವುದು ಫೋರ್ಕ್ ಎಂಬ ಕರೆಯಿಂದ. ಇರುವ ಪ್ರೊಸೆಸ್ ತನ್ನದೇ ಒಂದು ಪ್ರತಿ ಮಾಡಿಕೊಳ್ಳುತ್ತದೆ. ಎರಡೂ ಬಳಸುವುದು ಒಂದೇ ವಿಳಾಸಗಳನ್ನು. ಅವನ್ನು ಬೇರೆ ಬೇರೆ ಜಾಗಕ್ಕೆ ತಿರುಗಿಸುವ ಕೆಲಸ ಎಂಎಂಯುನದು. ಅದಿಲ್ಲದಿದ್ದರೆ ಪ್ರತಿಯನ್ನು ಬೇರೆ ವಿಳಾಸದಲ್ಲಿ ಇಡಬೇಕು. ಆಗ ಅದರೊಳಗಿನ ಪಾಯಿಂಟರ್‌ಗಳು, ಅಂದರೆ ಬರೆದಿಟ್ಟುಕೊಂಡ ಮೆಮೊರಿ ವಿಳಾಸಗಳು, ಮೂಲ ಪ್ರೊಸೆಸ್‌ನ ಮೆಮೊರಿಯನ್ನೇ ತೋರಿಸುತ್ತವೆ, ಎಲ್ಲ ಕೆಡುತ್ತದೆ. ಕೆ210 ಎಂಬ 64 ಬಿಟ್‌ನ ರಿಸ್ಕ್-ಫೈವ್ ಚಿಪ್ ಆಸೆ ಹುಟ್ಟಿಸುತ್ತದೆ. ಆದರೆ ಅದರ ಎಂಎಂಯು ರಿಸ್ಕ್-ಫೈವ್‌ನ ಹಳೆಯ ಕರಡು ನಿಯಮದ್ದು. ಯುನಿಕ್ಸ್ ಮಾದರಿಯ ಲಿನಕ್ಸ್ ಅದನ್ನು ಬಳಸದೆಯೇ ಓಡುತ್ತದೆ. ಮೆಮೊರಿಯೂ 8 ಎಂಬಿ ಮಾತ್ರ. ಕಲಿಕೆಗೆ ಸರಿ, ದಿನಬಳಕೆಗೆ ಬೇಡ.

ಆಲ್‌ವಿನ್ನರ್ ಕಂಪನಿಯ ಎಫ್1ಸಿ200ಎಸ್ ಮತ್ತು ವಿ3ಎಸ್ ಎರಡರಲ್ಲೂ ಎಂಎಂಯು ಇದೆ, ಜೊತೆಗೆ 64 ಎಂಬಿ ರ್‍ಯಾಮ್ ಒಳಗೇ ಇದೆ. ರ್‍ಯಾಮ್‌ಗೆ ಸೂಕ್ಷ್ಮ ತಂತಿಗಳನ್ನು ಎಳೆಯುವ ಕಷ್ಟ ತಪ್ಪುವುದರಿಂದ ಎರಡು ಪದರದ ಬೋರ್ಡ್ ಸಾಕು. ಎಫ್1ಸಿ200ಎಸ್ ಅಗ್ಗ, ಆದರೆ ಒಳಗಿರುವುದು ಹಳೆಯ ಎಆರ್‌ಎಂ926 ಕೋರ್. ಇದಕ್ಕೆ ಡೆಬಿಯನ್ ಎಂಬ ಲಿನಕ್ಸ್‌ನ ಎಆರ್‌ಎಂಎಚ್‌ಎಫ್ ಆವೃತ್ತಿ (ಹೊಸ ಎಆರ್‌ಎಂ ಕೋರ್‌ಗಳಿಗಾಗಿ ಇರುವುದು) ಹಾಕಿದರೆ ಸಿಸ್ಟಂನ ತಿರುಳಾದ ಕರ್ನಲ್ ಏಳುತ್ತದೆ, ಮೊದಲ ಪ್ರೊಸೆಸ್ ಆದ ಇನಿಟ್ ಸಾಯುತ್ತದೆ, ಪ್ಯಾನಿಕ್ ಆಗಿ ಎಲ್ಲ ನಿಲ್ಲುತ್ತದೆ. ಆ ಆವೃತ್ತಿ ಬಳಸುವ ಸೂಚನೆಗಳು ಈ ಕೋರ್‌ಗೆ ಗೊತ್ತಿಲ್ಲ. ಲಿನಕ್ಸ್ ಕಟ್ಟುವ ಸಾಧನವಾದ ಬಿಲ್ಡ್‌ರೂಟ್‌ನಲ್ಲಿ ಸಾಫ್ಟ್ ಫ್ಲೋಟ್ (ದಶಮಾಂಶ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲೇ ಮಾಡುವುದು) ಆರಿಸಿ ಸಿಸ್ಟಂ ಕಟ್ಟಿಕೊಳ್ಳಿ. ವಿ3ಎಸ್‌ನದು ಕಾರ್ಟೆಕ್ಸ್-ಎ7, ಈ ತೊಂದರೆಯಿಲ್ಲ. ಈಥರ್ನೆಟ್ ಕೂಡ ಒಳಗೇ ಇದೆ. ನೆಟ್‌ವರ್ಕ್ ಬೇಕಾದವರು ಇದನ್ನೇ ಕೊಳ್ಳಲಿ.

ಬೆಸುಗೆಯಲ್ಲಿ ಒಂದು ಎಚ್ಚರ. ಎಫ್1ಸಿ200ಎಸ್‌ನ ಗ್ರೌಂಡ್ ಇರುವುದು ಹೊಟ್ಟೆಯಡಿಯ ಪ್ಯಾಡ್‌ನಲ್ಲಿ. ಅದು ಕೂಡದಿದ್ದರೆ ಸುತ್ತಲ ಕಾಲುಗಳೆಲ್ಲ ಸರಿಯಿದ್ದರೂ ಚಿಪ್ ಏಳುವುದಿಲ್ಲ.

ಎಸ್‌ಡಿ ಕಾರ್ಡ್‌ನಲ್ಲಿ ಲಿನಕ್ಸ್ ಅನ್ನು ಏಳಿಸುವ ಯು-ಬೂಟ್ ಪ್ರೋಗ್ರಾಂ ಅನ್ನು ಆರಂಭದಿಂದ 8 ಕೆಬಿ ಬಿಟ್ಟು ಬರೆಯಬೇಕು, ಮೊದಲ ಪಾರ್ಟಿಷನ್ 1 ಎಂಬಿಯಿಂದ ಶುರುವಾಗಲಿ. ಬೂಟ್ ಸಂದೇಶಗಳನ್ನು ಕಂಪ್ಯೂಟರ್‌ನಲ್ಲಿ ನೋಡಲು ಜೋಡಿಸುವ ಸೀರಿಯಲ್ ಅಡಾಪ್ಟರ್ 3.3 ವೋಲ್ಟ್‌ನದೇ ಇರಲಿ, ವೇಗ 115200. ಅಲ್ಲಿ ಒಂದಕ್ಷರವೂ ಬರದಿದ್ದರೆ ಕಾರ್ಡ್ ತೆಗೆದು ಯುಎಸ್‌ಬಿ ಜೋಡಿಸಿ ನೋಡಿ. ಯುಎಸ್‌ಬಿ ಮೂಲಕ ಮಾತಾಡುವ ಫೆಲ್ ಮೋಡ್‌ನಲ್ಲಿ ಚಿಪ್ ಕಾಣಿಸಿಕೊಂಡರೆ ಅದು ಜೀವಂತವಾಗಿದೆ, ಕಾರ್ಡನ್ನು ಮತ್ತೆ ಬರೆಯಿರಿ. ಕಾಣಿಸದಿದ್ದರೆ ಎಫ್1ಸಿ200ಎಸ್‌ನ ಮೂರೂ ವೋಲ್ಟೇಜ್‌ಗಳನ್ನು, 3.3, 2.5, 1.1, ಅಳೆಯಿರಿ, ಆಮೇಲೆ 24 ಮೆಗಾಹರ್ಟ್ಸ್ ಕ್ರಿಸ್ಟಲ್, ಕೊನೆಗೆ ಆ ಪ್ಯಾಡ್.