ನನ್ನ ಡಬ್ಬಿಯ ಘಮ ನಿಮಗೆ ನಾತ ಯಾಕೆ?

ಒಬ್ಬ ವೀಕ್ಷಕರು ಬರೆದಿದ್ದಾರೆ: "ಆಫೀಸಲ್ಲಿ ಊಟದ ಡಬ್ಬಿ ತೆಗೆದೆ. ಪಕ್ಕದವರು ಮಾತಾಡದೆ ಎದ್ದು ಹೋಗಿ ಕಿಟಕಿ ತೆಗೆದರು. ನನಗೆ ಯಾವ ಕೆಟ್ಟ ವಾಸನೆಯೂ ಬರಲಿಲ್ಲ. ತಪ್ಪು ಯಾರ ಮೂಗಿನದು?"

ಅರ್ಧ ಉತ್ತರ ಸುಲಭ, ಬೇಗ ಮುಗಿಸುತ್ತೇನೆ. ಊಟದಿಂದ ಗಾಳಿಗೆ ಹಾರಿದ ಅಣುಗಳು ಮೂಗಿಗೆ ತಾಗಿದರೆ ಮೆದುಳಿಗೆ ಸುದ್ದಿ ಹೋಗುತ್ತದೆ. ಅದೇ ಸುದ್ದಿ ಬರ್ತಾನೇ ಇದ್ದರೆ ಮೆದುಳು ಕೇಳುವುದನ್ನೇ ಬಿಡುತ್ತದೆ. ಒಂದು ವಾರ ಬೀಗ ಹಾಕಿ ಹೋಗಿ, ವಾಪಸ್ ಬಂದು ಬಾಗಿಲು ತೆಗೆದಾಗ "ಅಯ್ಯೋ, ನಮ್ಮ ಮನೆ ವಾಸನೆ ಹೀಗಾ!" ಅನಿಸುತ್ತದೆ ಅಲ್ವಾ? ಅದೇ.

ಈಗ ನನಗೆ ತುಂಬಾ ಇಷ್ಟದ ಭಾಗ. 2001ರಲ್ಲಿ ರೇಚಲ್ ಹರ್ಜ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಪ್ರಯೋಗ ಪ್ರಕಟಿಸಿದರು. ಎರಡು ಆಮ್ಲ ಬೆರೆಸಿ ಜನರಿಗೆ ಮೂಸಲು ಕೊಟ್ಟರು: ಐಸೊವಲೆರಿಕ್ ಮತ್ತು ಬ್ಯುಟಿರಿಕ್. ಒಂದು ಸಲ "ಇದು ಪಾರ್ಮೆಸಾನ್ ಚೀಸ್" ಅಂದರು. ಇನ್ನೊಂದು ಸಲ "ಇದು ವಾಂತಿ" ಅಂದರು. ಬಾಟಲಿಯೊಳಗೆ ಇದ್ದದ್ದು ಅದೇ ಮಿಶ್ರಣ! ಚೀಸ್ ಅಂದಾಗ ಪರವಾಗಿಲ್ಲ, ವಾಂತಿ ಅಂದಾಗ ಥೂ. ಸುಳ್ಳೇನೂ ಅಲ್ಲ ಬಿಡಿ, ಬ್ಯುಟಿರಿಕ್ ಆಮ್ಲ ಎರಡರಲ್ಲೂ ಇರುತ್ತದೆ. ಅಂದರೆ ಘಮ, ನಾತ ಅನ್ನುವ ತೀರ್ಪು ಬಾಟಲಿಯಲ್ಲಿ ಇರಲೇ ಇಲ್ಲ. ನಿಮ್ಮ ಡಬ್ಬಿಯ ಮೇಲೆ ನೀವು "ಅಮ್ಮನ ಕೈ ಅಡುಗೆ" ಅಂತ ಚೀಟಿ ಅಂಟಿಸಿದ್ದೀರಿ. ಪಕ್ಕದವರ ಕೈಗೆ ಆ ಚೀಟಿ ಸಿಕ್ಕಿಲ್ಲ.

ಇನ್ನೊಂದು ಅನ್ಯಾಯ ಇದೆ. ಅಗಿಯುವಾಗ ವಾಸನೆ ಗಂಟಲ ಹಿಂದಿನಿಂದಲೂ ಮೂಗಿಗೆ ಏರುತ್ತದೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಅದೇ. ಪಕ್ಕದವರಿಗೆ ಆ ದಾರಿ ಬಂದ್. ಮದುವೆಗೆ ಕರೆದು, ಊಟಕ್ಕೆ ಕೂರಿಸದೆ ಬಾಗಿಲಲ್ಲೇ ನಿಲ್ಲಿಸಿದ ಹಾಗೆ.

(ಎಡಿಟರ್ ಗಡಿಯಾರ ತೋರಿಸುತ್ತಿದ್ದಾರೆ. ಸರಿ, ಓಡೋಣ.)

ಬಿಸಿ ಮಾಡಿದರೆ ಅಣುಗಳು ಜಾಸ್ತಿ ಹಾರುತ್ತವೆ. ಹಾಗಾಗಿ ಎಲ್ಲರೂ ಬಳಸುವ ಮೈಕ್ರೋವೇವ್‌ನಲ್ಲಿ ಮೀನು ಬಿಸಿ ಮಾಡುವ ಮೊದಲು ಸುತ್ತ ಇರುವವರನ್ನು ಒಂದು ಮಾತು ಕೇಳಿ. ನಿಂಬೆರಸ ಹಿಂಡಿ, ಅದರ ಹುಳಿಗೆ ಮೀನಿನ ವಾಸನೆ ತಗ್ಗುತ್ತದೆ. ಕ್ಯಾಂಟೀನ್ ಇದ್ದರೆ ಅಲ್ಲೇ ತಿನ್ನಿ. ಕಿಟಕಿ ತೆಗೆಯಲಾಗದ ಬಸ್ಸಲ್ಲಿ ಸ್ವಲ್ಪ ತಡೆದುಕೊಳ್ಳಿ. ಮೈಗ್ರೇನ್ ಇರುವವರಿಗೆ, ಬಸುರಿಯರಿಗೆ, ಕೀಮೋಥೆರಪಿ ತೆಗೆದುಕೊಳ್ಳುವವರಿಗೆ ಗಾಢ ವಾಸನೆಯಿಂದ ನಿಜಕ್ಕೂ ಹೊಟ್ಟೆ ತೊಳಸಬಹುದು. ಅವರಿಗೆ "ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನಬೇಡಿ.

ಕಿಟಕಿ ತೆಗೆದವರಿಗೂ ಒಂದು ಮಾತು. ಕಿಟಕಿ ತೆಗೆಯಿರಿ, ಮುಖ ಸಿಂಡರಿಸಬೇಡಿ. "ಈ ವಾಸನೆ ನನಗೆ ಆಗಲ್ಲ" ಅಂದರೆ ಸಾಕು. "ಏನಿದು ನಾತ" ಅಂದರೆ ಅವರ ಮನೆಯನ್ನೇ ಬೈದ ಹಾಗೆ.

ಕೊನೆಗೆ ಬೆಳ್ಳುಳ್ಳಿ. ಹಲ್ಲುಜ್ಜಿದರೂ ವಾಸನೆ ಹೋಗುವುದಿಲ್ಲ, ಯಾಕಂದರೆ ಅದರ ಒಂದು ಗಂಧಕದ ಅಣು ರಕ್ತಕ್ಕೆ ಸೇರಿ ಉಸಿರಿನ ಜೊತೆ ಗಂಟೆಗಟ್ಟಲೆ ಹೊರಬರುತ್ತದೆ. ನಾನು ಇವತ್ತು ಮಧ್ಯಾಹ್ನ ಚೆನ್ನಾಗಿ ತಿಂದೇ ಬಂದಿದ್ದೇನೆ. ಕ್ಯಾಮೆರಾ ಇಷ್ಟು ದೂರ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ?