ಅಜ್ಜಿಯ ಜೊತೆ ಕೂರೋಕೆ ಒಂದು ವಿದ್ಯಾರ್ಥಿವೇತನ

ನಮಸ್ಕಾರ.

ನಮ್ಮಜ್ಜಿಯ ನೆನಪಿನ ಶಕ್ತಿ ಹೇಗಿದೆ ಅಂತ ನೋಡೋಕೆ ಒಮ್ಮೆ ಡಾಕ್ಟರೊಬ್ಬರು, 'ಅಮ್ಮ, ಇವತ್ತು ಎಷ್ಟನೇ ತಾರೀಖು?' ಅಂದರು. ಅಜ್ಜಿ ಸುಮ್ನೆ ಕೂತರು. ಹಾಳೆಯಲ್ಲಿ ತಪ್ಪು ಗುರುತು ಬಿತ್ತು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಾ ಅದೇ ಅಜ್ಜಿ, 'ನಾಡಿದ್ದು ಅಮಾವಾಸ್ಯೆ, ದೀಪದೆಣ್ಣೆ ಮುಗಿದಿದೆ' ಅಂದರು. ನೆನಪು ಗಟ್ಟಿಯಾಗೇ ಇತ್ತು. ಪ್ರಶ್ನೆ ಅವರದಾಗಿರಲಿಲ್ಲ, ಅಷ್ಟೆ.

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 1990ರ ದಶಕದಲ್ಲೇ ಸಂಶೋಧಕರಿಗೆ ಇದು ಎದುರಾಗಿತ್ತು. ಅಕ್ಷರ ಬಾರದ ಹಿರಿಯರಿಗೂ ಒಗ್ಗುವ ಹಾಗೆ ಅವರು ನೆನಪಿನ ಪರೀಕ್ಷೆಯನ್ನು ಹಿಂದಿಯಲ್ಲಿ ಹೊಸದಾಗಿ ಹೊಂದಿಸಿದರು. ಈಗ ಬೆಳಿಗ್ಗೆಯೋ, ಮಧ್ಯಾಹ್ನವೋ, ಸಂಜೆಯೋ ಅಂತ ಶುರುವಾಗುವ ಪ್ರಶ್ನೆಗಳು ಅವು. ಇಂಥ ಕೆಲಸಕ್ಕೆ ಜನರ ಜೊತೆ ಕೂರಬೇಕು. ಕೂರೋಕೆ ದಿನ ಬೇಕು, ಆ ದಿನಗಳಲ್ಲಿ ಹೊಟ್ಟೆಗೂ ಬೇಕು, ಅಲ್ವಾ?

ಅದಕ್ಕೇ ವಿದ್ಯಾರ್ಥಿವೇತನದ ಮಾತು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಪಿಎಚ್‌ಡಿ ಮಾಡುವವರಿಗೆ ಕೊಡುವ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ 42,000. ಒಟ್ಟು ಐದು ವರ್ಷ. ಊರಿಂದ ಬಂದ ಹುಡುಗಿಯೊಬ್ಬಳು ಮನೆಯವರ ಮುಂದೆ ಕೈಚಾಚದೆ ಹಿರಿಯರ ಬಗ್ಗೆ ಸಂಶೋಧನೆ ಮಾಡೋಕೆ ಇದು ನಿಜವಾದ ಆಸರೆ.

ಆದರೆ ಐದು ವರ್ಷದಲ್ಲಿ 60ರವರು 65 ಆಗುತ್ತಾರೆ, ಅಷ್ಟೇ ತಾನೆ. ಮುಪ್ಪು ಇನ್ನೂ ನಿಧಾನ. ಹಾಗಾಗಿ ಈ ಹಣ ದೀರ್ಘಕಾಲದ ಅಧ್ಯಯನಗಳ ಜೊತೆ ಸೇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಕೋಲಾರದ ಶ್ರೀನಿವಾಸಪುರ ಇದೆಯಲ್ಲ, ಮಾವಿನ ಊರು, ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಮತ್ತೆ ಮತ್ತೆ ನೋಡುವ ಗುರಿ ಇಟ್ಟುಕೊಂಡು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಆವರಣದ್ದು, ಕೆಲಸ ಮಾಡುತ್ತಿದೆ. ನೆನಪು, ರಕ್ತ, ಮಿದುಳಿನ ಸ್ಕ್ಯಾನ್, ಎಲ್ಲ ನೋಡುತ್ತಾರೆ. ಒಬ್ಬ ವಿದ್ಯಾರ್ಥಿ ಮುಗಿಸಿ ಹೋದರೂ ಅಧ್ಯಯನ ನಿಲ್ಲುವುದಿಲ್ಲ, ಮುಂದಿನವರು ಅದೇ ಮನೆಯ ಬಾಗಿಲು ತಟ್ಟಬಹುದು. ಅವರಿಗೆ ಆ ಊರಿನ ಮಾತು ಬಂದರೆ ಇನ್ನೂ ಒಳ್ಳೆಯದು.

ನೀವು ಸಮಾಜಕಾರ್ಯವೋ ಮನಃಶಾಸ್ತ್ರವೋ ಓದುತ್ತಿದ್ದರೆ ಜೆಆರ್‌ಎಫ್‌ಗೂ ಕಾಲೇಜಿನಲ್ಲಿ ಪಾಠ ಮಾಡೋಕೂ ಅರ್ಹತೆ ಕೊಡುವ ನೆಟ್ ಪರೀಕ್ಷೆಗೆ ಕೂತುನೋಡಿ. ಜೆಆರ್‌ಎಫ್‌ಗೆ ವಯಸ್ಸು 30 ದಾಟಿರಬಾರದು, ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ ಇದೆ. ಒಂದು ಮಾತು ಮಾತ್ರ ನೆನಪಿಡಿ. ಅರ್ಜಿಯಲ್ಲಿ ಜೆಆರ್‌ಎಫ್ ಅಂತಲೇ ಆರಿಸಿ. ಬರೀ ಸಹಾಯಕ ಪ್ರಾಧ್ಯಾಪಕ ಅಂತ ಆರಿಸಿದರೆ ಪಾಸಾದರೂ ಈ ಹಣ ಬರುವುದಿಲ್ಲ.