ಕಿವಿಗೆ ಮೊದಲು ಬಿದ್ದ ಗೋಲು

ನಮಸ್ಕಾರ.

ಫುಟ್‌ಬಾಲ್ ಕಣ್ಣಿಂದ ನೋಡುವ ಆಟ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ಪಾಲಿನ ದೊಡ್ಡ ಗೋಲುಗಳೆಲ್ಲ ಮೊದಲು ಕಿವಿಗೇ ಬಿದ್ದಿವೆ. ಕಣ್ಣಿಗೆ ಕಂಡಿದ್ದು ಆಮೇಲೆ. ರೇಡಿಯೋ ಮುಂದೆ ಕೂತಿರುವ ನಿಮಗೆ ಇದು ಹೊಸ ವಿಷಯವೇನಲ್ಲ ಬಿಡಿ. ನನಗೆ ಮಾತ್ರ ಇದು ಗೊತ್ತಾಗೋಕೆ ಎರಡು ಮಾರ್ಚ್ 17 ಬೇಕಾಯಿತು. ಒಂದು 2018ರದ್ದು, ಇನ್ನೊಂದು 2019ರದ್ದು.

ನಾನು ತುಮಕೂರಿನ ಕಡೆಯವನು. ನಮ್ಮ ಕಡೆ ಆಟ ಅಂದರೆ ಕ್ರಿಕೆಟ್ಟು, ಇಲ್ಲ ಕಬಡ್ಡಿ. ಫುಟ್‌ಬಾಲ್ ಅನ್ನೋದು ಸ್ಕೂಲಿನ ಪೀಟಿ ಮೇಷ್ಟ್ರ ರೂಮಿನಲ್ಲಿ ಗಾಳಿ ಇಲ್ಲದೆ ಬಿದ್ದಿರುತ್ತಿದ್ದ ಒಂದು ಚೆಂಡು, ಅಷ್ಟೇ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದ ಮೇಲೆ ಆಸ್ಟಿನ್ ಟೌನ್‌ನಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಸಿಕ್ಕಿತು. ದಾವಣಗೆರೆಯ ಗೆಳೆಯನೊಬ್ಬ ಜೊತೆಗಿದ್ದ. ಕೆಳಗೆ ಓನರ್. ವಯಸ್ಸಾದವರು, ನಾವು ತಾತ ಅಂತಲೇ ಕರೆಯುತ್ತಿದ್ದೆವು. ಆ ಏರಿಯಾದಲ್ಲಿ ಸಂಜೆಯಾದರೆ ಹುಡುಗರು ಬ್ಯಾಟ್ ಹಿಡಿಯೋದಕ್ಕಿಂತ ಚೆಂಡು ಒದೆಯೋದೇ ಜಾಸ್ತಿ.

ತಾತನಿಗೆ ನಮ್ಮ ಅಜ್ಞಾನ ನೋಡಿ ಮರುಕ. ಬಾಡಿಗೆ ಕೊಡೋಕೆ ಹೋದಾಗೆಲ್ಲ ಒಂದು ಪಾಠ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಲ್ಲೇ ಫ್ರಾನ್ಸ್ ಮೇಲೆ ಆಡಿ 2-1ರಲ್ಲಿ ಸೋತರಲ್ಲ, ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದು ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು. ಮೈಸೂರು ರಾಜ್ಯ ತಂಡ 1967-68, 1968-69 ಎರಡು ವರ್ಷ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದಿತ್ತು. ಇದನ್ನೆಲ್ಲ ತಾತ ನಿನ್ನೆ ಮೊನ್ನೆಯ ಸಂಗತಿ ಥರ ಹೇಳುತ್ತಿದ್ದರು. ಕೊನೆಗೆ ಯಾವಾಗಲೂ ಒಂದೇ ಮಾತು. "ಕಾರ್ನರ್ ಬಂದ್ರೆ ಬಾಲ್ ನೋಡ್ಬೇಡ್ರಪ್ಪಾ. ಹಿಂದಿನಿಂದ ಸುಮ್ನೆ ನಡ್ಕೊಂಡು ಬರ್ತಾನಲ್ಲ ಬ್ಯಾಕು, ಅವನನ್ನ ನೋಡಿ."

ಕಾರ್ನರ್ ಅಂದರೆ ಮೈದಾನದ ಮೂಲೆಯಿಂದ ಗೋಲ್ ಮುಂದಕ್ಕೆ ಚೆಂಡು ಒದೆಯೋದು. ಬ್ಯಾಕು ಅಂದರೆ ಹಿಂದೆ ನಿಂತು ತನ್ನ ಗೋಲ್ ಕಾಯುವ ಆಟಗಾರ. ನಾವು ಹೂಂ ಅನ್ನುತ್ತಿದ್ದೆವು. ನೋಡುತ್ತಿದ್ದುದು ಮಾತ್ರ ಬಾಲನ್ನೇ.

ನಮ್ಮ ಫುಟ್‌ಬಾಲ್ ಕ್ಲಬ್ಬು ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ದೇಶದ ಕ್ಲಬ್ಬುಗಳ ಐ-ಲೀಗ್ ಗೆದ್ದುಬಿಟ್ಟಿತು. ನಾವು ಅಂಟಿಕೊಂಡಿದ್ದು ಸ್ವಲ್ಪ ತಡವಾಗಿ, 2016ರ ಅಕ್ಟೋಬರ್‌ನಲ್ಲಿ. ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಸೆಮಿಫೈನಲ್ಲು, ಕಂಠೀರವದಲ್ಲಿ, ಎದುರಿಗೆ ಮಲೇಷ್ಯಾದ ಜೊಹೊರ್ ತಂಡ. ಮೊದಲು ಗೋಲು ಬಿಟ್ಟುಕೊಟ್ಟು ಆಮೇಲೆ 3-1ರಲ್ಲಿ ಗೆದ್ದರು. ಸುನಿಲ್ ಛೆಟ್ರಿದು ಎರಡು, ಹುವಾನನ್‌ದು ಒಂದು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಆ ಕಪ್ಪಿನ ಫೈನಲ್ ಕಂಡಿರಲಿಲ್ಲ. ಮುಂದಿನ ತಿಂಗಳು ದೋಹಾದಲ್ಲಿ ಇರಾಕಿನ ತಂಡದ ಕೈಲಿ ಒಂದು ಗೋಲಿನಿಂದ ಸೋತರು, ಆ ಮಾತು ಬೇರೆ. ಸೆಮಿಫೈನಲ್ ರಾತ್ರಿ ಕಬ್ಬನ್ ಪಾರ್ಕ್ ಮೆಟ್ರೋವರೆಗೆ ನಡೆದುಕೊಂಡು ಹೋಗುವಾಗ ನನ್ನ ಗಂಟಲಲ್ಲಿ ಸ್ವರವೇ ಇರಲಿಲ್ಲ. ಟಿಕೆಟ್ ಕೌಂಟರ್‌ನಲ್ಲಿ ಬೆರಳು ತೋರಿಸಿ ಎರಡು ಅಂದೆ.

ಕಂಠೀರವಕ್ಕೆ ಹೋದವರಿಗೆ ಗೊತ್ತಿರುತ್ತದೆ. ಅದು ಅಸಲಿಗೆ ಓಟದ ಸ್ಟೇಡಿಯಂ. ಸೀಟಿಗೂ ಹುಲ್ಲಿಗೂ ಮಧ್ಯೆ ಅಥ್ಲೆಟಿಕ್ಸ್ ಟ್ರ್ಯಾಕ್ ಸುತ್ತಿಕೊಂಡಿದೆ. ಹಾಗಾಗಿ ಆಟ ಒಂದಿಷ್ಟು ದೂರವೇ. ಆ ತುದಿಯ ಗೋಲ್ ಪೋಸ್ಟ್ ಹತ್ತಿರ ಬಲೆ ಅಲ್ಲಾಡಿದರೆ ಸಾಕು, ಇಲ್ಲಿ ಎದ್ದು ಕುಣಿದುಬಿಡುತ್ತೇವೆ. ಕುಣಿದ ಮೇಲೆ ಗೊತ್ತಾಗುತ್ತದೆ, ಚೆಂಡು ತಾಗಿದ್ದು ಹೊರಗಿನಿಂದ ಅಂತ. ಪಕ್ಕದವನ ಹೆಗಲ ಮೇಲಿಂದ ಕೈ ತೆಗೆದು ಮೆತ್ತಗೆ ಕೂರಬೇಕು. ಪಕ್ಕದವನು ಯಾರೋ ಏನೋ. ಎರಡು ಗಂಟೆಯ ನೆಂಟಸ್ತಿಕೆ.

ಈಗ ಮೊದಲ ಮಾರ್ಚ್ 17ಕ್ಕೆ ಬರುತ್ತೇನೆ. 2018, ಶನಿವಾರ. ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಫೈನಲ್, ಅದೂ ನಮ್ಮ ಕಂಠೀರವದಲ್ಲೇ. ಎದುರಾಳಿ ಚೆನ್ನೈಯಿನ್. ಲೀಗಿನಲ್ಲಿ ನಾವು 40 ಪಾಯಿಂಟು, ಅವರು 32. ಸೆಮಿಫೈನಲ್‌ನಲ್ಲಿ ಛೆಟ್ರಿ ಪುಣೆ ಮೇಲೆ ಹ್ಯಾಟ್ರಿಕ್ ಹೊಡೆದು ಬಂದಿದ್ದರು. ಕಪ್ಪು ನಮ್ಮದೇ ಅಂತ ಗೆಳೆಯ ಆಫೀಸಿನಲ್ಲಿ ಮುಂಚೆಯೇ ಸ್ವೀಟ್ ಹಂಚಿಬಿಟ್ಟಿದ್ದ. ಇಂಥ ಕೆಲಸ ಮಾಡಬಾರದು ಕಣ್ರೀ.

9ನೇ ನಿಮಿಷ. ಬಲಗಡೆಯಿಂದ ಉದಾಂತ ಸಿಂಗ್ ಓಡಿಬಂದು ಚೆಂಡು ಕಳಿಸಿದರು. ಛೆಟ್ರಿ ನೆಲಕ್ಕೆ ಬಿದ್ದುಕೊಂಡೇ ತಲೆ ಕೊಟ್ಟರು. ಗೋಲು! ನನ್ನ ಮುಂದಿನ ಸಾಲಿನ ಹೆಂಗಸೊಬ್ಬರು ಕೈಲಿದ್ದ ಪಾಪ್‌ಕಾರ್ನ್ ಮೇಲಕ್ಕೆ ಎಸೆದರು. ಅದು ನಮ್ಮ ತಲೆ ಮೇಲೆ ಅಕ್ಷತೆ ಬಿದ್ದ ಹಾಗೆ ಬಿತ್ತು. ಯಾರೂ ಒರೆಸಿಕೊಳ್ಳಲಿಲ್ಲ.

17ನೇ ನಿಮಿಷಕ್ಕೆ ಚೆನ್ನೈಗೆ ಕಾರ್ನರ್ ಸಿಕ್ಕಿತು. ಗ್ರೆಗರಿ ನೆಲ್ಸನ್ ಹೊಡೆದ ಚೆಂಡು ಮೇಲಿಂದ ಬಾಗಿ ಬಂತು. ನಾನು ಚೆಂಡನ್ನೇ ನೋಡುತ್ತಿದ್ದೆ. ಗುಂಪು ಎದ್ದಿತು, ತಲೆಗಳು ಕೂಡಿದವು. ಆಮೇಲೆ ಏನಾಯಿತು ಅಂತ ನನಗೆ ಕಾಣಲೇ ಇಲ್ಲ. ಕೇಳಿಸಿತು. ಏನು ಕೇಳಿಸಿತು ಅಂದರೆ, ಏನೂ ಇಲ್ಲ. ಅಷ್ಟು ದೊಡ್ಡ ಸ್ಟೇಡಿಯಂ, ಅಷ್ಟು ಸಾವಿರ ಜನ, ಯಾರೋ ಮೇನ್ ಸ್ವಿಚ್ ಆಫ್ ಮಾಡಿದ ಹಾಗೆ. ಆ ನಿಶ್ಶಬ್ದದೊಳಗೆ ಎಲ್ಲೋ ಮೂಲೆಯಿಂದ ಸಣ್ಣ ಕೂಗು. ಚೆನ್ನೈನಿಂದ ಬಂದಿದ್ದ ಒಂದು ಹಿಡಿ ಜನ. ಅವರ ಕೂಗು ಕೇಳಿದ ಮೇಲೆಯೇ ನನ್ನ ಕಣ್ಣು ಬಲೆಯೊಳಗಿನ ಚೆಂಡನ್ನು ಹುಡುಕಿದ್ದು. ಹೊಡೆದವನು ಮೈಲ್ಸನ್ ಆಲ್ವೆಸ್. ಬ್ರೆಜಿಲ್‌ನವನು. ಫಾರ್ವರ್ಡ್ ಅಲ್ಲ, ಬ್ಯಾಕು.

45ನೇ ನಿಮಿಷ. ಮತ್ತೆ ಕಾರ್ನರ್, ಮತ್ತೆ ನೆಲ್ಸನ್, ಮತ್ತೆ ಅದೇ ಮೈಲ್ಸನ್, ಮತ್ತೆ ಅದೇ ನಿಶ್ಶಬ್ದ. ಗೆಳೆಯ ನನ್ನ ಕಡೆ ತಿರುಗಿ, "ತಾತ ಹೇಳಿದ್ರು ಕಣೋ" ಅಂದ. ಅಷ್ಟೇ ಅಂದಿದ್ದು. 67ಕ್ಕೆ ರಫಾಯೆಲ್ ಆಗಸ್ಟೊ ಮೂರನೆಯದು ಹೊಡೆದ. ಇಂಜುರಿ ಟೈಮಲ್ಲಿ ಮಿಕು ನಮ್ಮ ಪರ ಒಂದು ವಾಪಸ್ ಕೊಟ್ಟರು. 3-2. ಹೊತ್ತು ಮೀರಿತ್ತು. ನೀಲಿ ಬಣ್ಣ ಬಳಿದುಕೊಂಡಿದ್ದ ಮುಖದ ಮೇಲೆ ಕಣ್ಣೀರು ಇಳಿದರೆ ಹೇಗಿರುತ್ತದೆ ಅಂತ ಅವತ್ತು ಬಹಳ ಮುಖಗಳಲ್ಲಿ ನೋಡಿದೆ. ನನ್ನದನ್ನು ಬಿಟ್ಟು. ನನ್ನದನ್ನು ಗೆಳೆಯ ನೋಡಿದ.

ಇದಾದ ಮೇಲೆ ನನಗೆ ಒಂದು ಕಾಯಿಲೆ ಹತ್ತಿತು. ಕಾರ್ನರ್ ಅಂದರೆ ಭಯ. ಎದುರಾಳಿಗೆ ಕಾರ್ನರ್ ಸಿಕ್ಕರೆ ಎದ್ದು ನೀರು ಕುಡಿಯೋಕೆ ಹೋಗುವುದು. ಟಿವಿಯಲ್ಲಿ ಯಾವುದೋ ದೇಶದ ಯಾವುದೋ ಮ್ಯಾಚಾದರೂ ಅಷ್ಟೇ. ಜೊತೆಗೆ ಕಾಲಿನ ತೊಂದರೆ ಬೇರೆ. ಗೋಲ್ ಮುಂದೆ ಚೆಂಡು ಬಂದರೆ ನನ್ನ ಬಲಗಾಲು ತಾನಾಗಿ ಒದೆಯುತ್ತದೆ. ಎಷ್ಟು ಕಾಫಿ ಲೋಟ ಉರುಳಿವೆಯೋ ಲೆಕ್ಕ ಇಲ್ಲ.

ಆ ವರ್ಷ ಜೂನ್‌ನಲ್ಲಿ ಇನ್ನೊಂದು ಸಂಗತಿ ನಡೆಯಿತು. ಮುಂಬೈನಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ಯಲ್ಲಿ ಸೋಲಿಸಿತು. ಛೆಟ್ರಿದು ಹ್ಯಾಟ್ರಿಕ್. ನೋಡೋಕೆ ಬಂದಿದ್ದವರು 2,569 ಜನ. ಮರುದಿನ ಛೆಟ್ರಿ ಒಂದು ವಿಡಿಯೋ ಹಾಕಿದರು. ಬೈಯಿರಿ, ಟೀಕೆ ಮಾಡಿ, ಆದರೆ ಸ್ಟೇಡಿಯಂಗೆ ಬಂದು ಮಾಡಿ ಅನ್ನುವ ಅರ್ಥದಲ್ಲಿ ಕೈಮುಗಿದು ಕೇಳಿಕೊಂಡರು. ಜೂನ್ 4ಕ್ಕೆ ಕೀನ್ಯಾ ಮೇಲಿನ ಮ್ಯಾಚಿಗೆ ಅದೇ ಸ್ಟೇಡಿಯಂ ತುಂಬಿತು. ಅದು ಛೆಟ್ರಿಯ ನೂರನೇ ಮ್ಯಾಚು. ದೇಶದ ಕ್ಯಾಪ್ಟನ್ ಜನರನ್ನು ಕೈಮುಗಿದು ಕರೆಯಬೇಕಾಯಿತಲ್ಲ ಅಂತ ನನಗೆ ಬೇಜಾರೂ ಆಯಿತು, ನಾಚಿಕೆಯೂ ಆಯಿತು. ನಾವು ಕಂಠೀರವಕ್ಕೆ ಹೋಗೋದನ್ನಂತೂ ಬಿಟ್ಟಿರಲಿಲ್ಲ.

ಅದೇ ಮುಂಬೈ ಸ್ಟೇಡಿಯಂನಲ್ಲಿ, ಅಂಧೇರಿಯಲ್ಲಿ, ಎರಡನೇ ಮಾರ್ಚ್ 17. 2019, ಭಾನುವಾರ. ಮತ್ತೆ ಫೈನಲ್. ಈ ಸಲ ಎದುರಿಗೆ ಗೋವಾ. ಅವರಲ್ಲಿ ಕೊರೊ ಅಂತ ಒಬ್ಬ ಸ್ಪೇನ್‌ನವನು, ಆ ಸೀಸನ್ನಿನಲ್ಲಿ 16 ಗೋಲು ಹೊಡೆದಿದ್ದ. ಮುಂಬೈಗೆ ಹೋಗೋಕೆ ನಮಗೆ ರಜೆ ಇರಲಿಲ್ಲ. ತಾತ ಕೆಳಗೆ ಬನ್ನಿ, ಒಟ್ಟಿಗೆ ನೋಡೋಣ ಅಂದರು. ಗೆಳೆಯ ಒಪ್ಪಲಿಲ್ಲ. ಅವನು ಮೊದಲ ವಿಸಿಲ್ ಹೊತ್ತಿಗೆ ಎಲ್ಲಿ ಕೂತಿರುತ್ತಾನೋ ಕೊನೆಯ ವಿಸಿಲ್‌ವರೆಗೂ ಅಲ್ಲೇ. ಜಾಗ ಬಿಟ್ಟರೆ ಗೋಲು ಬೀಳುತ್ತದಂತೆ. ಮ್ಯಾಚ್ ಶುರುವಾದಾಗ ಅವನು ಮಹಡಿ ಮೇಲೆ ಚಾಪೆಯಲ್ಲಿದ್ದ. ಮುಗೀತಲ್ಲ.

ನಾವು ನೋಡುತ್ತಿದ್ದುದು ಮೊಬೈಲಿನಲ್ಲಿ. ತಾತ ನೋಡುತ್ತಿದ್ದುದು ಕೇಬಲ್ ಟಿವಿಯಲ್ಲಿ. ನಮ್ಮ ಮೊಬೈಲ್ ತಾತನ ಟಿವಿಗಿಂತ ಹತ್ತಿರಹತ್ತಿರ 20 ಸೆಕೆಂಡ್ ಹಿಂದೆ. ಹತ್ತು ನಿಮಿಷದೊಳಗೆ ಇದು ಗೊತ್ತಾಯಿತು. ನಮ್ಮ ಪರದೆಯಲ್ಲಿ ಮಿಕು ಇನ್ನೂ ಚೆಂಡು ಎಳೆದುಕೊಂಡು ಹೋಗುತ್ತಿದ್ದಾರೆ, ಕೆಳಗಿನಿಂದ "ಅಯ್ಯಯ್ಯೋ" ಬಂದುಬಿಡುತ್ತಿತ್ತು. ಅಂದರೆ ಅದು ಗೋಲಲ್ಲ. ಗೊತ್ತಿದ್ದೂ 20 ಸೆಕೆಂಡ್ ನೋಡಬೇಕು. ಗೆಳೆಯ ಎದ್ದು ಕಿಟಕಿ ಹಾಕು ಅಂದ. ಅವನು ಏಳುವ ಹಾಗಿಲ್ಲವಲ್ಲ. ನಾನೇ ಹಾಕಿದೆ.

90 ನಿಮಿಷ ಆಯಿತು. 0-0. ಕ್ರಿಕೆಟ್ ನೋಡಿ ಬೆಳೆದವನಿಗೆ ಇದು ಬಹಳ ಕಷ್ಟ ಕಣ್ರೀ. ಅಲ್ಲಿ ಪ್ರತಿ ಬಾಲಿಗೂ ಏನೋ ಒಂದು ಲೆಕ್ಕ ಬದಲಾಗುತ್ತದೆ. ಒಂದು ರನ್ನಾದರೂ ಬರುತ್ತದೆ. ಇಲ್ಲಿ ಒಂದೂವರೆ ಗಂಟೆ ಉಸಿರು ಬಿಗಿಹಿಡಿದು ಕೂತರೂ ಬೋರ್ಡು ಶುರುವಿನಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ನಿಜ ಹೇಳಬೇಕೆಂದರೆ ಆ ಫೈನಲ್ಲು ಅಂಥ ಚೆಂದದ ಮ್ಯಾಚೇನೂ ಆಗಿರಲಿಲ್ಲ. ಇಬ್ಬರಿಗೂ ಸೋಲುವ ಭಯ.

ಎಕ್ಸ್‌ಟ್ರಾ ಟೈಮ್ ಶುರುವಾಯಿತು, ಇನ್ನೂ 30 ನಿಮಿಷ. ಮಾರ್ಚ್ ತಿಂಗಳ ಸೆಕೆ. ಕಿಟಕಿ ಹಾಕಿದ ರೂಮು ಇಡ್ಲಿ ಪಾತ್ರೆ ಥರ ಆಗಿತ್ತು. ತೆಗೆದೆ. 105ನೇ ನಿಮಿಷಕ್ಕೆ ಗೋವಾದ ಅಹ್ಮದ್ ಜಾಹೂಗೆ ಎರಡನೇ ಯೆಲ್ಲೋ ಕಾರ್ಡ್, ಅಲ್ಲಿಗೆ ರೆಡ್. ಅವರು 10 ಜನ ಉಳಿದರು. ಇದೂ ನಮಗೆ ಮೊದಲು ತಾತನ ಚಪ್ಪಾಳೆಯಿಂದಲೇ ಗೊತ್ತಾಗಿದ್ದು. ಯಾಕೆ ಚಪ್ಪಾಳೆ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆವು.

117ನೇ ನಿಮಿಷ. ಇನ್ನು ಮೂರು ನಿಮಿಷ ಹೀಗೇ ಕಳೆದರೆ ಪೆನಾಲ್ಟಿ ಒದ್ದು ತೀರ್ಮಾನ. ನಮಗೆ ಕಾರ್ನರ್. ಮೊಬೈಲಿನಲ್ಲಿ ಡಿಮಾಸ್ ಡೆಲ್ಗಾಡೊ ಬಾವುಟದ ಹತ್ತಿರ ಚೆಂಡು ಇಡುತ್ತಿದ್ದಾರೆ. ಇನ್ನೂ ಒದ್ದಿಲ್ಲ. ಆಗ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಬಿದ್ದ ಸದ್ದು.

ಕುರ್ಚಿ ಮಾತ್ರ. "ಅಯ್ಯೋ" ಇಲ್ಲ, ಚಪ್ಪಾಳೆ ಇಲ್ಲ, ಕೂಗು ಇಲ್ಲ.

ನಾನು ಗೆಳೆಯನ ಮುಖ ನೋಡಿದೆ. ಅವನು ನನ್ನ ಮುಖ ನೋಡಿದ. ಕುರ್ಚಿ ಬೀಳಬೇಕಾದರೆ ತಾತ ಎದ್ದಿರಬೇಕು. ಎಪ್ಪತ್ತು ದಾಟಿದವರು ಕುರ್ಚಿ ಬೀಳುವಷ್ಟು ಜೋರಾಗಿ ಎದ್ದಿದ್ದಾರೆ ಅಂದರೆ? ಗೋಲೇ? ಇಲ್ಲ, ಗೋಲ್ ಗೆರೆ ಮೇಲಿಂದ ಯಾರಾದರೂ ತೆಗೆದರೇ? ಮೊಬೈಲಿನಲ್ಲಿ ಡಿಮಾಸ್ ಇನ್ನೂ ಕೈ ಎತ್ತುತ್ತಿದ್ದಾರೆ. ನನ್ನ ಜೀವನದ ಅತಿ ಉದ್ದದ 20 ಸೆಕೆಂಡ್ ಅದು. ಏನೋ ಆಗಿಹೋಗಿದೆ, ಅದನ್ನು ನಾವಿನ್ನು ನೋಡಬೇಕು.

ಅವತ್ತು ಮೊದಲ ಸಲ ನಾನು ಚೆಂಡು ನೋಡಲಿಲ್ಲ. ಹಿಂದಿನಿಂದ ಬರುವವನನ್ನು ನೋಡಿದೆ. ರಾಹುಲ್ ಭೇಕೆ. ಮುಂಬೈ ಹುಡುಗ, ನಮ್ಮ ಬ್ಯಾಕು. ಚೆಂಡು ಬಂತು, ಅವರು ಎಲ್ಲರಿಗಿಂತ ಮೇಲೆ ಹಾರಿದರು, ತಲೆ ತಾಗಿಸಿದರು, ಗೋವಾದ ಕೀಪರ್ ನವೀನ್ ಕುಮಾರ್‌ಗೆ ಸಿಗಲಿಲ್ಲ. ಒಳಗೆ. ಅದೇ ತಾರೀಕು, ಅದೇ ಕಾರ್ನರ್, ಅದೇ ಬ್ಯಾಕಿನ ತಲೆ. ಹೋದ ವರ್ಷ ಅವರದು, ಈ ವರ್ಷ ನಮ್ಮದು.

ನನ್ನ ಬಲಗಾಲು ಒದ್ದಿದ್ದು ಮೊಬೈಲ್ ಆನಿಸಿಟ್ಟಿದ್ದ ತಂಬಿಗೆಗೆ. ಚಾಪೆಯೆಲ್ಲ ನೀರು. ಗೆಳೆಯ ಒದ್ದೆಯಲ್ಲೇ ಕೂತು ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದ. ಆಗಲೂ ಏಳಲಿಲ್ಲ ಮಾರಾಯ.

ನನಗೆ ಇನ್ನು ಆ 20 ಸೆಕೆಂಡ್ ತಡೆಯೋಕೆ ಆಗುತ್ತಿರಲಿಲ್ಲ. ಮೆಟ್ಟಿಲಿಳಿದು ಕೆಳಗೆ ಓಡಿದೆ. ತಾತ ಟಿವಿ ಮುಂದೆ ನಿಂತಿದ್ದರು. ಕುರ್ಚಿ ಹಿಂದೆ ಮಗುಚಿ ಬಿದ್ದಿತ್ತು. ನಾನು ಎತ್ತಿ ಇಟ್ಟು, "ಕೂತ್ಕೊಳ್ಳಿ ತಾತ" ಅಂದೆ.

"ಬೇಡಪ್ಪ. ಕೂತ್ರೆ ಗೋಲ್ ಬೀಳುತ್ತೆ."

"ನೀವ್ಯಾಕೆ ತಾತ ಕೂಗ್ಲೇ ಇಲ್ಲ?"

ಟಿವಿಯಿಂದ ಕಣ್ಣು ತೆಗೆಯದೆ ಗಂಟಲು ಮುಟ್ಟಿ ತೋರಿಸಿದರು. ಸ್ವರ ಸಿಕ್ಕಿಹಾಕಿಕೊಂಡಿತ್ತಂತೆ.

ಇಬ್ಬರೂ ನಿಂತುಕೊಂಡೇ ನೋಡಿದೆವು. ಗೋವಾದವರು ಚೆಂಡು ಎತ್ತೆತ್ತಿ ಹಾಕುತ್ತಿದ್ದರು. ನಮ್ಮ ಕೀಪರ್ ಗುರ್‌ಪ್ರೀತ್ ಇದ್ದರಲ್ಲ. ಕೊನೆಗೆ ವಿಸಿಲ್ ಆಯಿತು. 1-0. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ಪು. ತಾತನಿಗೆ ಸ್ವರ ವಾಪಸ್ ಬಂತು. ನನ್ನ ಎರಡೂ ತೋಳು ಹಿಡಿದು ಅಲ್ಲಾಡಿಸುತ್ತಾ ತಮಿಳಿನಲ್ಲೋ ಕನ್ನಡದಲ್ಲೋ ಏನೇನೋ ಹೇಳಿದರು. ಕೂಗಾಡಿ ಮುಗಿಸಿ, ಸುಸ್ತಾಗಿ, ತಾತ ಕುರ್ಚಿಯಲ್ಲಿ ಕೂತರು. ನಾನು ನೆಲದ ಮೇಲೆ ಕೂತೆ. ಟಿವಿಯಲ್ಲಿ ನೀಲಿ ಜರ್ಸಿಯವರು ಓಡಾಡುತ್ತಿದ್ದರು. ಇಬ್ಬರಿಗೂ ಮಾತಿರಲಿಲ್ಲ.

ಆಗ ಮಹಡಿ ಮೇಲಿಂದ ಗೆಳೆಯ ಕೂಗಿದ್ದು ಕೇಳಿಸಿತು. ಅವನಿಗೆ ಈಗ ವಿಸಿಲ್ ಆಗಿತ್ತು.

ನಮಸ್ಕಾರ.